ಮೂರೂ ಒಂದೇ ದಿನ

ಇದು ನಡೆದ ಕಥೆ. ನಡೆದದ್ದು ಎಂದರೂ ಪೂರ್ತಿ ಸರಿಯಲ್ಲ. ಎರಡು ವರ್ಷ ಕೂತಲ್ಲೇ ಕೂತು, ಆಕಳಿಸಿ, ಕುಂಟಿ, ಕೊನೆಯ ಐದು ವಾರ ಮಾತ್ರ ಎದ್ದುಬಿದ್ದು ಓಡಿದ ಕಥೆ. ಇದರಲ್ಲಿ ಸುಳ್ಳು ಎನ್ನುವುದು ಒಂದೇ ಒಂದು ದನಿ. ಅಲ್ಲಿಂದಲೇ ಶುರು ಮಾಡೋಣ.

ಒಂದು ಸೋಮವಾರ ಬೆಳಗ್ಗೆ ಹತ್ತೂಕಾಲಿಗೆ, ಆ ಪುಟ್ಟ ಪ್ರಕಾಶನದ ಮಹಡಿಯ ಕೋಣೆಯಲ್ಲಿ ಇಂಟರ್‌ಕಾಮ್ ಹೊಡೆದುಕೊಂಡಿತು. ಎತ್ತಿದವಳು ತಾರೀಕಮ್ಮ. ಹೆತ್ತವರು ಇಟ್ಟ ಹೆಸರಲ್ಲ, ಆಫೀಸಿನವರು ಕಟ್ಟಿದ್ದು. ಯಾವ ಪುಸ್ತಕ ಯಾವತ್ತು ಹೊರಗೆ ಬರಬೇಕು, ಎಷ್ಟು ಬೆಲೆಗೆ ಬರಬೇಕು ಎಂದು ನೋಡಿಕೊಳ್ಳುವುದು ಅವಳ ಕೆಲಸ. ವಯಸ್ಸು ಮೂವತ್ತೆರಡು, ಆದರೆ ‘ನೋಡೋಣ’ ಎನ್ನುವಾಗ ಕೊನೆಯ ಅಕ್ಷರವನ್ನು ಅವಳು ಎಳೆಯುವ ಉದ್ದ ಕೇಳಿದರೆ ಅರವತ್ತು ದಾಟಿದ್ದಾಳೆ ಅನ್ನಿಸಬೇಕು.

“ಹ್ಮ್... ನೋಡಮ್ಮ,” ಎಂದಿತು ಆಚೆಯ ದನಿ. ಯಜಮಾನರ ದನಿ. ಯಜಮಾನರು ಅವಳ ದೊಡ್ಡಪ್ಪ. ಮನೆಯಲ್ಲಿ ದೊಡ್ಡಪ್ಪ, ಆಫೀಸಿನ ಮೆಟ್ಟಿಲು ಹತ್ತಿದ ಮೇಲೆ ಸರ್. ಪ್ರತಿ ಮಾತಿಗೂ ಮುಂಚೆ ಗಂಟಲಲ್ಲಿ ಒಂದು ಹಳೆಯ ಲಾರಿ ಸ್ಟಾರ್ಟ್ ಮಾಡುವುದು ಅವರ ಅಭ್ಯಾಸ. “ನರ್ಸಮ್ಮನ ಪುಸ್ತಕ ಇದೆಯಲ್ಲ, ಮೂರೂ ಒಂದೇ ದಿನ ಬಿಟ್ಬಿಡು. ಆಡಿಯೋಗೂ ಕಾಗದದ ಬೆಲೆನೇ ಇರಲಿ. ಏನಂತೀಯ?”

ತಾರೀಕಮ್ಮ, “ಆಗ್ಲಿ ಸರ್,” ಎಂದು ಫೋನ್ ಇಟ್ಟಳು.

ಅದೆಂಥ ಮಾತು ಎಂದು ತಿಳಿಯಬೇಕಾದರೆ ಆ ಪ್ರಕಾಶನದ ಪದ್ಧತಿ ತಿಳಿದಿರಬೇಕು. ಅಲ್ಲಿ ಮೊದಲು ಬರುವುದು ಕಾಗದದ ಪುಸ್ತಕ, ಪೂರ್ತಿ ಬೆಲೆಗೆ. ನಲವತ್ತೈದು ದಿನ ಕಳೆದು ಇ-ಬುಕ್, ಮುಕ್ಕಾಲು ಬೆಲೆಗೆ. ಆರು ತಿಂಗಳು ಕಳೆದು, ಜನ ಪುಸ್ತಕದ ಹೆಸರನ್ನೇ ಮರೆಯುವ ಹೊತ್ತಿಗೆ ಆಡಿಯೋ ಪುಸ್ತಕ, ಒಂದೂವರೆ ಬೆಲೆಗೆ. ಒಟ್ಟಿಗೆ ಬಿಟ್ಟರೆ ಒಂದನ್ನೊಂದು ತಿಂದುಹಾಕುತ್ತವೆ ಎನ್ನುವುದು ಯಜಮಾನರ ನಂಬಿಕೆ. ತಾರೀಕಮ್ಮನ ಗೋಡೆಯ ಕ್ಯಾಲೆಂಡರಿನ ಮೇಲೆ ಮೂರಕ್ಕೂ ಒಂದೊಂದು ಬಣ್ಣದ ನೀಲಿ, ಹಸಿರು, ಹಳದಿ ಪಟ್ಟಿಗಳು ಮದುವೆ ಮನೆಯಲ್ಲಿ ಮಾತು ಬಿಟ್ಟ ನೆಂಟರ ಹಾಗೆ ದೂರ ದೂರ ಕೂತಿರುತ್ತಿದ್ದವು.

ಕೆಳಗೆ, ರೆಕಾರ್ಡಿಂಗ್ ಕೋಣೆಯಲ್ಲಿ, ರಿಸೀವರ್ ಹಿಡಿದುಕೊಂಡೇ ಹತ್ತುಬಾಯಿ ಕಲ್ಲಾಗಿ ಕೂತಿದ್ದ. ಆಡಿಯೋ ಪುಸ್ತಕಗಳನ್ನು ಓದುವವನು ಅವನು. ಒಂದು ಗಂಟಲಲ್ಲಿ ಮಂತ್ರಿ, ಮುದುಕಿ, ಮಗು, ಮಾಲೀಕ ಎಲ್ಲರನ್ನೂ ಸಾಕಿಕೊಂಡಿದ್ದರಿಂದ ಆ ಹೆಸರು. ಹಿಂದಿನ ಶುಕ್ರವಾರ ತಾರೀಕಮ್ಮ ಕಳಿಸಿದ್ದ ತಪ್ಪುಪಟ್ಟಿಯಲ್ಲಿ, ‘ನಿಮ್ಮ ಮಂತ್ರಿಗೂ ಪೋಸ್ಟ್‌ಮ್ಯಾನಿಗೂ ಒಂದೇ ನೆಗಡಿ’ ಎಂದು ಬರೆದಿದ್ದಳು. ಅದರ ಸೇಡಿಗೆ ಈ ಫೋನು. ಅವಳು ದೊಡ್ಡಪ್ಪನ ಜೊತೆ ಇಪ್ಪತ್ತು ನಿಮಿಷ ವಾದ ಮಾಡುತ್ತಾಳೆ, ಅಂಕಿಅಂಶ ಹೇಳುತ್ತಾಳೆ, ತಾನು ಕೊನೆಗೆ ತನ್ನ ದನಿಯಲ್ಲಿ ನಗುತ್ತೇನೆ ಎಂದು ಲೆಕ್ಕ ಹಾಕಿದ್ದ. ‘ಆಗ್ಲಿ ಸರ್’ ಅವನ ಲೆಕ್ಕದಲ್ಲಿ ಇರಲಿಲ್ಲ.

ಮತ್ತೆ ಮಾಡಿದರೆ ಲೈನ್ ಬಿಡುವಿರಲಿಲ್ಲ. ಹದಿನೈದು ನಿಮಿಷ ಕಾದು, ಎರಡೆರಡು ಮೆಟ್ಟಿಲು ಹಾರಿ ಮೇಲೆ ಬಂದ. ಅಷ್ಟರಲ್ಲಿ ನಿಜವಾದ ಯಜಮಾನರು ಸೂಟ್‌ಕೇಸು ಹಿಡಿದು ಮೂರು ವಾರಕ್ಕೆ ಮಗಳ ಮನೆಗೆ ಹೊರಟುಹೋಗಿದ್ದರು.

“ಮೇಡಂ, ಆ ಫೋನು ಸರ್ ಮಾಡಿದ್ದಲ್ಲ.”

ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. “ಮತ್ತ್ಯಾರು?”

“ನಾನು.”

ಕುರ್ಚಿ ನಿಧಾನವಾಗಿ ತಿರುಗಿತು. ಮೊದಲು ಅವಳ ದೃಷ್ಟಿ ಅವನ ಚಪ್ಪಲಿಗೆ ಬಿತ್ತು, ಆಮೇಲೆ ಏದುಸಿರು ಬಿಡುತ್ತಿದ್ದ ಎದೆಗೆ, ಕೊನೆಗೆ ಮುಖಕ್ಕೆ. ಬೆಲೆ ಕಟ್ಟುವವಳ ನೋಟ. ಆದರೆ ತುಟಿಯ ಒಂದು ತುದಿ ಆ ಲೆಕ್ಕಕ್ಕೆ ಸೇರದೆ ಮೇಲೆ ಹೋಗುತ್ತಿತ್ತು. ಅದನ್ನು ಹಿಡಿದಿಡಲು ಅವಳು ಪಡುತ್ತಿದ್ದ ಕಷ್ಟ ಅವನಿಗೂ ಕಾಣಿಸಿತು.

ಆನ್‌ಲೈನ್ ಅಂಗಡಿಗಳಲ್ಲಿ ಮುಂಗಡ ಬುಕಿಂಗ್ ತೆರೆದಾಗಿತ್ತು. ಹನ್ನೊಂದು ಜನ ಆಗಲೇ ಬುಕ್ ಮಾಡಿದ್ದರು. ರದ್ದು ಮಾಡಬಹುದಲ್ಲ ಎಂದು ಅವನು ಕೇಳಿದ. ಮಾಡಬಹುದು ಎಂದಳು. ಮಾಡುತ್ತೀರಾ ಎಂದ. ಇಲ್ಲ ಎಂದಳು. ಆಮೇಲೆ, ಗೋಡೆಯ ಪಟ್ಟಿಗಳ ಕಡೆ ನೋಡುತ್ತ, ತಿಂಗಳ ಹಿಂದೆ ಬಂದ ಒಂದು ಫೋನಿನ ಸಂಗತಿ ಹೇಳಿದಳು. ಪುಸ್ತಕ ಬರೆದ ನರ್ಸಮ್ಮ ಮೂವತ್ತೆಂಟು ವರ್ಷ ಆಸ್ಪತ್ರೆಯಲ್ಲಿ ದುಡಿದು ನಿವೃತ್ತರಾದವರು. ಆ ವರ್ಷಗಳ ನೆನಪೇ ಪುಸ್ತಕ. ಆಡಿಯೋ ಯಾವಾಗ ಬರುತ್ತದೆ ಎಂದು ಅವರು ವಿಚಾರಿಸಿದ್ದರು. ಆರು ತಿಂಗಳು ಎಂದಾಗ ಆ ಕಡೆಯಿಂದ ಬಂದ ಮಾತನ್ನು ತಾರೀಕಮ್ಮ ಅವರ ದನಿಯಲ್ಲೇ ಹೇಳಲು ಹೋಗಿ, ಅನುಕರಣೆ ಕೈಹತ್ತದೆ, ತನ್ನ ದನಿಯಲ್ಲೇ ಹೇಳಿದಳು:

“‘ನನ್ನ ಜೊತೇಲಿ ಕೆಲಸ ಮಾಡ್ದೋರಿಗೆಲ್ಲ ಈಗ ಕಣ್ಣು ಮಂಜು ಕಣಮ್ಮ. ಅವರು ಓದಲ್ಲ, ಕೇಳ್ತಾರೆ. ಆರು ತಿಂಗಳು ಅಂತೀಯ. ಅಷ್ಟರಲ್ಲಿ ನಾವು ಇಬ್ಬರೋ ಮೂವರೋ ಕಮ್ಮಿ ಆಗಿರ್ತೀವಿ’ ಅಂದ್ರು. ನಾನು ನೋಡೋಣ ಅಂದೆ.”

ತಿಂಗಳಿಂದ ದೊಡ್ಡಪ್ಪನನ್ನು ಕೇಳಬೇಕೆಂದು ಇದ್ದಳಂತೆ. ಕೇಳುವ ದಿನವನ್ನು ಮುಂದಕ್ಕೆ ಹಾಕುತ್ತಲೇ ಇದ್ದಳಂತೆ. ಈಗ ದೊಡ್ಡಪ್ಪನೇ ಹೇಳಿದರು ಎಂದುಕೊಂಡಾಗ ಎದೆ ಹಗುರಾಗಿ, ಎರಡನೇ ಯೋಚನೆಯಿಲ್ಲದೆ ತಾರೀಕು ಹಾಕಿಬಿಟ್ಟಳಂತೆ. ಬಿಡುಗಡೆ ಆರು ವಾರಕ್ಕೆ. ಆಡಿಯೋ ಫೈಲುಗಳು ಐದನೇ ವಾರದ ಶುಕ್ರವಾರ ಅಂಗಡಿ ಸೇರಬೇಕು. ಹದಿನಾಲ್ಕು ಗಂಟೆಯ ಪುಸ್ತಕ. ಒಂದು ಸಾಲೂ ಓದಿಲ್ಲ.

ಆಗ ಅವನು ತನ್ನ ಸಂಗತಿ ಹೇಳಿದ. ಬೇರೆ ಊರಿನ ಒಂದು ದೊಡ್ಡ ಆಡಿಯೋ ಕಂಪನಿ ಅವನಿಗೆ ಕಾಯಂ ಕೆಲಸ ಕೊಡುತ್ತೇನೆಂದಿದೆ. ಇಲ್ಲಿ ಒಂದು ಪುಸ್ತಕಕ್ಕೂ ಇನ್ನೊಂದಕ್ಕೂ ನಡುವೆ ತಿಂಗಳುಗಟ್ಟಲೆ ಗಂಟಲು ಖಾಲಿ. ಅವರು ಈ ವಾರವೇ ಉತ್ತರ ಕೇಳಿದ್ದಾರೆ; ಐದನೇ ವಾರದ ಶುಕ್ರವಾರದವರೆಗೆ ಸಮಯ ಕೇಳಿ ನೋಡುತ್ತೇನೆ, ಈ ಪುಸ್ತಕ ಮುಗಿಸಿಯೇ ಹೋಗುತ್ತೇನೆ ಎಂದ.

“ಒಳ್ಳೇದಾಯ್ತಲ್ಲ,” ಎಂದಳು ತಾರೀಕಮ್ಮ. ಎಂದು, ಕುರ್ಚಿ ತಿರುಗಿಸಿ, ಪರದೆಯ ಮೇಲೆ ಆಗಲೇ ತುಂಬಿದ್ದ ತಾರೀಕನ್ನು ಮತ್ತೊಮ್ಮೆ ತುಂಬಿದಳು.

ಅವಳಿಗೆ ಅದು ಒಳ್ಳೆಯದಾಗಿರಲಿಲ್ಲ. ಎಷ್ಟು ಆಗಿರಲಿಲ್ಲ ಎನ್ನುವುದು ಅವಳಿಗೇ ಆ ಕ್ಷಣದಲ್ಲಿ ಗೊತ್ತಾಯಿತು.

ಎರಡು ವರ್ಷದಿಂದ ಆ ದನಿ ಅವಳ ಕಿವಿಯಲ್ಲಿತ್ತು. ಅವನು ಓದಿದ್ದನ್ನು ಪುಸ್ತಕ ಹಿಡಿದು ಕೇಳಿ, ತಪ್ಪಾದ ಕಡೆ ನಿಮಿಷ ಸೆಕೆಂಡು ಬರೆದು ಪಟ್ಟಿ ಮಾಡುವ ಕೆಲಸವೂ ಅವಳದೇ. ಮಾತಿಗಿಂತ ಮುಂಚೆ ಅವನು ತೆಗೆದುಕೊಳ್ಳುವ ಉಸಿರು ಅವಳಿಗೆ ಗೊತ್ತು. ಬೆಳಗ್ಗೆ ಏನೂ ತಿನ್ನದೆ ಬಂದ ದಿನ ಮೈಕಿಗೆ ಬೀಳುವ ಹೊಟ್ಟೆಯ ಗುರುಗುರು ಗೊತ್ತು. ‘12:07, ಹೊಟ್ಟೆಯೂ ಓದುತ್ತಿದೆ, ಅದಕ್ಕೆ ಸಂಬಳವಿಲ್ಲ, ತಿಂದು ಬನ್ನಿ’ ಎಂದು ಒಮ್ಮೆ ಬರೆದಿದ್ದಳು. ಅವನು ತಪ್ಪಿದಾಗ ಚಪ್ಪಾಳೆ ತಟ್ಟುತ್ತಿದ್ದ, ಕತ್ತರಿಸುವಾಗ ಸುಲಭವಾಗಿ ಸಿಗಲಿ ಎಂದು. ಆ ಚಪ್ಪಾಳೆಯ ಹಿಂದೆಯೇ ಅವಳದೇ ದನಿಯಲ್ಲಿ, ‘ನೋಡೋಣಾಆಆ, ಈ ಸಲ ಸರಿಯಾಗಿ ಓದ್ತಾರಾ ಇವರು’ ಎಂದು ಅಣಕಿಸುತ್ತಿದ್ದ. ಅದು ಅವಳಿಗೆ ಮಾತ್ರ ಸಿಗುವ ಓದು. ಬೇರೆ ಯಾರೂ ಕೇಳುವ ಮುಂಚೆ ಅವಳ ಕತ್ತರಿಗೆ ಬೀಳುವಂಥದ್ದು.

ಮನೆಯಲ್ಲಿ ಒಂದು ಭಾನುವಾರ ಬಟಾಣಿ ಬಿಡಿಸುತ್ತ ಅಂಥದ್ದೇ ಒಂದನ್ನು ಕೇಳುತ್ತಿದ್ದಾಗ ದೊಡ್ಡಮ್ಮ ಹತ್ತಿರ ಬಂದು ಕೂತು, “ಬಟಾಣಿ ಬಿಡಿಸ್ತಾ ಕೆಂಪಾಗೋ ಅಂಥದ್ದೇನಿದೆಯೇ ಅದರಲ್ಲಿ?” ಎಂದು ಕೇಳಿದ್ದರು. ಸೆಕೆ ಎಂದಿದ್ದಳು. ದೊಡ್ಡಮ್ಮ ಎದ್ದುಹೋಗಿ ಫ್ಯಾನ್ ಹಾಕಿ, ಬಾಗಿಲ ಬಳಿ ನಿಂತು, ಕೆಂಪು ಇಳಿಯುವುದನ್ನು ಕಾದು ನೋಡಿದ್ದರು.

ಓದು ಶುರುವಾಯಿತು. ಪಟ್ಟಿ ಬರೆದು ಕಳಿಸುವಷ್ಟು ಬಿಡುವಿಲ್ಲದ್ದರಿಂದ ತಾರೀಕಮ್ಮ ಈಗ ಗಾಜಿನ ಈಚೆಯೇ ಕೂತು ಕೇಳತೊಡಗಿದಳು. ಸದ್ದು ತಡೆಯಲು ಗೋಡೆಗೆ ಹಳೆಯ ರಜಾಯಿಗಳನ್ನು ಹೊದಿಸಿದ ಪುಟ್ಟ ಕೋಣೆ, ನಡುವೆ ಗಾಜು. ಗುಂಡಿ ಒತ್ತಿ ಮಾತಾಡಿದರೆ ಅವನ ಹೆಡ್‌ಫೋನಿಗೆ ಕೇಳುತ್ತದೆ. ಎರಡು ವರ್ಷ ಕಿವಿಯಲ್ಲಿದ್ದವನು ಈಗ ಕಣ್ಣಿಗೂ ಬಂದ. ಅವನು ಮುದುಕಿಯ ಮಾತು ಓದುವಾಗ ಹೆಗಲು ತಾನಾಗಿ ಬಾಗುತ್ತದೆ, ಡಾಕ್ಟರ ಮಾತು ಓದುವಾಗ ಗಲ್ಲ ಮೇಲೇಳುತ್ತದೆ ಎಂದು ಅವಳಿಗೆ ಈಗ ತಿಳಿಯಿತು. ಪುಟ ತಿರುಗಿಸುವಾಗಲೆಲ್ಲ ಅವನು ಒಂದು ಸಲ ಗಾಜಿನ ಕಡೆ ನೋಡುತ್ತಿದ್ದ. ನೋಡಿದಾಗಲೆಲ್ಲ ಅವಳು ಪುಸ್ತಕ ನೋಡುತ್ತಿದ್ದಳು. ನೋಡದಿದ್ದಾಗ ಅವಳು ನೋಡುತ್ತಿದ್ದಳು. ಒಂದು ದಿನ ಅವನು ಪುಟ ತಿರುಗಿಸದೆಯೇ ತಲೆಯೆತ್ತಿಬಿಟ್ಟ. ಅವಳು ಸಿಕ್ಕಿಬಿದ್ದು, ಬೇರೆ ದಾರಿ ಕಾಣದೆ ಗುಂಡಿ ಒತ್ತಿ, “ಕೂದಲು ಹಾರ್ತಾ ಇದೆ,” ಎಂದಳು. ಕೂದಲಿಂದ ಆಡಿಯೋಗೆ ಏನು ತೊಂದರೆ ಎಂದು ಅವನು ಕೇಳಲಿಲ್ಲ. ಸುಮ್ಮನೆ ಸರಿಮಾಡಿಕೊಂಡ.

ಚಹಾದ ಹೊತ್ತಿಗೆ ವಾದ. ತಡಮಾಡುವುದರಲ್ಲೂ ನ್ಯಾಯ ಇದೆ ಎಂದು ಅವಳು ಹೇಳುತ್ತಿದ್ದಳು: ಇವತ್ತೇ ಬೇಕು ಎನ್ನುವವರು ಹೆಚ್ಚು ಕೊಡುತ್ತಾರೆ, ತಾಳಿಕೊಳ್ಳುವವರಿಗೆ ಇ-ಬುಕ್ ಅಗ್ಗಕ್ಕೆ ಸಿಗುತ್ತದೆ, ಕಾಗದದಿಂದ ಬಂದದ್ದರಲ್ಲಿ ಆಡಿಯೋ ಖರ್ಚು ಏಳುತ್ತದೆ. ಅವನು ಲೋಟ ತಿರುಗಿಸುತ್ತ ಕೇಳಿ, ಹಾಗಾದರೆ ಆಡಿಯೋದವರಿಗೆ ತಾಳಿಕೊಂಡ ತಪ್ಪಿಗೆ ಒಂದೂವರೆ ದಂಡ ಯಾಕೆ ಎಂದ.

“ಇನ್ನೊಂದಿದೆ ಮೇಡಂ,” ಎಂದ ಅವನು. “ಕಾಯೋರು ಬಾಗಿಲ ಮುಂದೆ ಕಾಯ್ತಾನೇ ಕೂತಿರ್ತಾರೆ ಅಂದ್ಕೊಂಡಿದೀರಿ. ಇರಲ್ಲ. ಬೇರೆ ಏನೋ ಕೇಳ್ತಾ ಮುಂದಕ್ಕೆ ಹೋಗ್ಬಿಟ್ಟಿರ್ತಾರೆ. ನೀವು ಬಾಗಿಲು ತೆಗೆದಾಗ ಬೀದಿ ಖಾಲಿ.”

ಅವನು ಆಡಿಯೋ ಬಗ್ಗೆ ಮಾತಾಡುತ್ತಿದ್ದಾನೆಯೇ, ಇನ್ನೇನರ ಬಗ್ಗೆಯೋ ಮಾತಾಡುತ್ತಿದ್ದಾನೆಯೇ ಎಂದು ಅವಳು ಚಹಾ ಆರುವವರೆಗೆ ಯೋಚಿಸಿದಳು. ಕೇಳಿಬಿಡಬಹುದಿತ್ತು. ಆದರೆ ಕಾಯಂ ಕೆಲಸಕ್ಕೆ ಹೊರಟವನನ್ನು ಈಗ ಹೋಗಬೇಡಿ ಎಂದರೆ, ಗಿರಾಕಿ ಬಾಗಿಲು ದಾಟುವಾಗ ಕೂಗಿ ರಿಯಾಯಿತಿ ಹೇಳಿದ ಹಾಗಾಗುತ್ತದೆ ಅನ್ನಿಸಿತು. ಮೊದಲು ಪುಸ್ತಕ ಮುಗಿಯಲಿ, ಆಮೇಲೆ ನೋಡೋಣ ಎಂದು ತನಗೆ ತಾನೇ ಒಂದು ತಾರೀಕು ಹಾಕಿಕೊಂಡಳು.

ಮೂರು ವಾರ ಕಳೆದು ದೊಡ್ಡಪ್ಪ ಬಂದರು. ಗೋಡೆಯ ಮೇಲೆ ನೀಲಿ, ಹಸಿರು, ಹಳದಿ ಮೂರೂ ಒಂದರ ಮೇಲೊಂದು ಅಂಟಿಕೊಂಡಿದ್ದನ್ನು ಕಂಡು ಅವರ ಗಂಟಲಿನ ಲಾರಿ ಸ್ಟಾರ್ಟ್ ಆಗಲೇ ಇಲ್ಲ. ತಾರೀಕಮ್ಮ ಎದ್ದುನಿಂತು, ಇದು ನನ್ನ ತೀರ್ಮಾನ ಸರ್ ಎಂದಳು. ಫೋನಿನ ವಿಷಯ ಎತ್ತಲಿಲ್ಲ. ಕೇಳುವವರು ಬೇರೆ ಜನ, ಓದುವವರು ಬೇರೆ ಜನ, ಯಾರ ಪಾಲನ್ನೂ ಯಾರೂ ತಿನ್ನುವುದಿಲ್ಲ ಎಂದು ಬುಕಿಂಗ್ ತೋರಿಸಿದಳು. ನಾನೂರು ದಾಟಿತ್ತು, ಅರ್ಧಕ್ಕಿಂತ ಹೆಚ್ಚು ಆಡಿಯೋ, ಕಾಗದದ್ದೂ ಎಂದಿನಷ್ಟೇ.

ಇದು ಕಿವಿಗೆ ಬಿದ್ದದ್ದೇ ಹತ್ತುಬಾಯಿ ಮೇಲೆ ಬಂದು, ತಪ್ಪು ಅವರದಲ್ಲ, ನಿಮ್ಮ ದನಿಯಲ್ಲಿ ಫೋನ್ ಮಾಡಿದ್ದು ನಾನು ಎಂದು ಒಪ್ಪಿಕೊಂಡ. ದೊಡ್ಡಪ್ಪ ಅದನ್ನು ಮಾಡಿ ತೋರಿಸು ಎಂದರು. ಅವನು ತಲೆ ತಗ್ಗಿಸಿ ಮಾಡಿ ತೋರಿಸಿದ. ದೊಡ್ಡಪ್ಪ, ನಾನು ಹೀಗಾ ಮಾತಾಡುವುದು ಎಂದು ವಿಚಾರಿಸಿದರು. ಊಟದ ಡಬ್ಬಿ ತಂದಿದ್ದ ದೊಡ್ಡಮ್ಮ ಬಾಗಿಲಿಂದ, “ಇದು ಎಷ್ಟೋ ವಾಸಿ,” ಎಂದರು. ಅಲ್ಲಿಗೆ ಆ ವಿಚಾರಣೆ ಮುಗಿಯಿತು. ಮುಂದಿನ ನಾಲ್ಕು ಪುಸ್ತಕಗಳನ್ನೂ ಹೀಗೇ ಬಿಟ್ಟು ನೋಡೋಣ, ಓದುವ ಕೆಲಸ ತಿಂಗಳು ತಿಂಗಳೂ ಇರುತ್ತದೆ ಎಂದು ದೊಡ್ಡಪ್ಪ ಸಂಜೆ ಹೇಳಿದರು.

ಐದನೇ ವಾರದ ಗುರುವಾರ ಮಧ್ಯಾಹ್ನ ಕೊನೆಯ ಅಧ್ಯಾಯ ಮುಗಿಯಿತು; ಆ ಕಂಪನಿ ಒಪ್ಪಿದ್ದ ಗಡುವು ಮರುದಿನವೇ. ಹತ್ತುಬಾಯಿ ಹೆಡ್‌ಫೋನ್ ತೆಗೆದು ಹೊರಗೆ ಬಂದ. ನೀರು ಕುಡಿದ. ಲೋಟ ಇಟ್ಟ. ಹೋಗಲಿಲ್ಲ.

“ಕೆಲಸ ಇದೆ ಅಂತ ಸರ್ ಹೇಳಿದ್ರು,” ಎಂದ. ಯಾರ ದನಿಯನ್ನೂ ಮಾಡದೆ, ನೆಲ ನೋಡುತ್ತ. “ಇರಿ ಅಂತ ಯಾರೂ ಹೇಳಲಿಲ್ಲ.”

ತಾರೀಕಮ್ಮನ ನಾಲಿಗೆಯ ತುದಿಗೆ ಏನೋ ಬಂತು. ಬಂದದ್ದನ್ನು ಹಿಂದಕ್ಕೆ ತಳ್ಳಿ, ಎಂದಿನದೇ ಹೊರಬಿತ್ತು. “ನಾಳೆ ರಿಪೇರಿ ಸಾಲುಗಳಿವೆಯಲ್ಲ. ಮುಗೀಲಿ, ನೋಡೋಣ.”

ಅವನು ಅದನ್ನು ಅಣಕಿಸಲಿಲ್ಲ. ಬ್ಯಾಗು ಹೆಗಲಿಗೆ ಹಾಕಿಕೊಂಡು ಹೋದ.

ಅರ್ಧ ಗಂಟೆಗೆ ನರ್ಸಮ್ಮನ ಫೋನ್ ಬಂತು. ಏನೂ ಕೆಲಸವಿರಲಿಲ್ಲ. ಬುಕ್ ಮಾಡಿದವರ ಪಟ್ಟಿಯಲ್ಲಿ ತನ್ನ ಹಳೆಯ ಜೊತೆಗಾತಿಯ ಹೆಸರೊಂದಿದೆ, ಅದನ್ನು ತೆಗೆಯುವುದು ಬೇಡ, ಆಕೆಯ ಮಗಳು ಕೇಳುತ್ತಾಳಂತೆ ಎಂದರು. ಬೆಳಗ್ಗೆ ಹೋಗಿಬಿಟ್ಟಳು ಎಂದರು. ಹನ್ನೊಂದು ದಿನ ತಡೆದಿದ್ದರೆ ಅವಳೇ ಕೇಳುತ್ತಿದ್ದಳು, ನಾಲ್ಕನೇ ಅಧ್ಯಾಯದ ತುಂಬ ಅವಳೇ ಇದ್ದಾಳೆ ಎಂದರು. ದೂರಿನ ದನಿಯಲ್ಲ, ಮೂವತ್ತೆಂಟು ವರ್ಷ ಇಂಥ ಸುದ್ದಿ ಹೇಳಿ ಅಭ್ಯಾಸವಾದವರ ಮೆಲುದನಿ. ತಾರೀಕಮ್ಮ ಫೋನ್ ಇಟ್ಟು, ಗೋಡೆಯ ಮುಂದೆ ಹೋಗಿ ನಿಂತಳು. ಎಷ್ಟೊಂದು ಚೌಕಗಳು. ಎಲ್ಲದರಲ್ಲೂ ಮುಂದಿನ ದಿನಗಳು, ಎಲ್ಲವೂ ಇದ್ದೇ ಇರುತ್ತವೆ ಎಂಬ ಹಾಗೆ ಅವಳೇ ಗೆರೆ ಎಳೆದದ್ದು.

ಬಂದು ಕೂತು ರಿಪೇರಿ ಪಟ್ಟಿ ಟೈಪ್ ಮಾಡಿದಳು. ಇಡೀ ಪುಸ್ತಕದಲ್ಲಿ ಮತ್ತೆ ಓದಬೇಕಾದ ಬಿಡಿ ಸಾಲುಗಳು: ಎಲ್ಲೋ ಒಂದು ಅಕ್ಷರ ನುಂಗಿದ್ದು, ಎಲ್ಲೋ ಲಾರಿ ಹಾದುಹೋದದ್ದು. ಓದುವವನು ಅವುಗಳ ಅರ್ಥಕ್ಕೆ ಹೋಗುವುದಿಲ್ಲ. ಹಿಂದುಮುಂದಿಲ್ಲದ ಸಾಲು, ದನಿ ಹೊಂದಿದರೆ ಸಾಕು. ಮೂವತ್ತೊಂದು ಸಾಲಿತ್ತು. ಅವಳು ಮೂವತ್ತೆರಡು ಮಾಡಿದಳು.

ಶುಕ್ರವಾರ ಹತ್ತು ಗಂಟೆಗೆ ಅವನು ಗಾಜಿನಾಚೆ ಕೂತ. ಇವತ್ತು ಅವನ ಕಣ್ಣು ಕಾಗದ ಬಿಟ್ಟು ಮೇಲೆ ಬರಲಿಲ್ಲ. ಒಂದು, ಎರಡು, ಹತ್ತು, ಹದಿನೆಂಟು. ಓದುವುದು, ನಿಲ್ಲಿಸುವುದು, ಮುಂದಿನದು. ಹತ್ತೊಂಬತ್ತನೆಯದರ ಪಕ್ಕದಲ್ಲಿ ‘ನರ್ಸಮ್ಮನ ದನಿ’ ಎಂದು ಬರೆದಿತ್ತು. ಅವನು ಹೆಗಲು ಬಾಗಿಸಿ, ಆ ದನಿಯನ್ನು ಕರೆದು, ಓದಿದ:

“ನೀವು ಹೋಗುವುದು ನನಗೆ ಇಷ್ಟವಿಲ್ಲ. ಎರಡು ವರ್ಷದಿಂದ ಹೇಳಬೇಕೆಂದಿದ್ದೆ, ಮುಂದೂಡುತ್ತಲೇ ಬಂದೆ. ಇನ್ನು ಮುಂದೂಡಲಾರೆ.”

ತಾರೀಕಮ್ಮ ಗುಂಡಿ ಒತ್ತಿದಳು. “ಇನ್ನೊಂದು ಸಲ,” ಎಂದಳು. “ಸ್ವಲ್ಪ ನಿಧಾನ.”

ಅವನು ನಿಧಾನವಾಗಿ ಓದಿದ. ‘ಎರಡು ವರ್ಷದಿಂದ’ ಎನ್ನುವಲ್ಲಿ ಒಂದು ಉಸಿರು ತಡೆದು, ಚೆನ್ನಾಗಿ ಓದಿದ.

“ಇನ್ನೊಂದೇ ಒಂದು ಸಲ.”

ಮೂರನೇ ಸಲ ಕೊನೆಯ ಮಾತಿಗೆ ಸಣ್ಣದೊಂದು ಕಂಪನವನ್ನೂ ಸೇರಿಸಿ, ಓದುಗಾರನ ಸಮಾಧಾನದಿಂದ ತಲೆಯಾಡಿಸಿ, ಇಪ್ಪತ್ತನೆಯದನ್ನು ಓದಿದ. ವಾರ್ಡಿನ ಮಂಚಗಳ ಬಣ್ಣದ ಬಗ್ಗೆ ಏನೋ ಒಂದು ಸಾಲು. ಇಪ್ಪತ್ತೊಂದನ್ನೂ ಓದಿದ. ಇಪ್ಪತ್ತೆರಡರ ಅರ್ಧಕ್ಕೆ ನಿಂತ. ಕಾಗದದ ಮೇಲೆ ಬೆರಳಿಟ್ಟು ಹಿಂದಕ್ಕೆ ಹೋದ.

“ಮೇಡಂ, ಈ ಹತ್ತೊಂಬತ್ತು ಯಾವ ಅಧ್ಯಾಯದ್ದು? ನರ್ಸಮ್ಮ ಯಾರಿಗೂ ಹೀಗೆ ಹೇಳಿದ್ದು ನೆನಪಾಗ್ತಾ ಇಲ್ಲ.”

“ಅವರು ಹೇಳಿಲ್ಲ,” ಎಂದಳು ತಾರೀಕಮ್ಮ. “ಪುಸ್ತಕದಲ್ಲಿಲ್ಲ ಅದು. ನಾನು ಹೇಳಿದ್ದು.”

ಗಾಜಿನಾಚೆ ಅವನು ಆ ಸಾಲನ್ನು ನಾಲ್ಕನೇ ಸಲ ಓದಿದ, ಬಾಯಿ ಬಿಡದೆ. ಮೊದಲ ಸಲ ಓದುತ್ತಿರುವವನ ಹಾಗೆ. ತುಟಿ ಮಾತ್ರ ಅಲುಗಿತು. ಕಿವಿಯ ಹಿಂದಿನಿಂದ ಶುರುವಾದ ಕೆಂಪು ಕೆನ್ನೆಗೆ ಬಂದು, ಹಣೆಗೆ ಹೋಯಿತು. ಅವಳು ಈ ಸಲ ಪುಸ್ತಕ ನೋಡಲಿಲ್ಲ. ನೋಟ ಕದಲಿಸದೆ ಅವನನ್ನೇ ನೋಡಿದಳು.

“ನಾನು ಹೋಗಲ್ಲ,” ಎಂದ ಅವನು. ಮಂತ್ರಿಯದಲ್ಲ, ಮುದುಕಿಯದಲ್ಲ, ದೊಡ್ಡಪ್ಪನದಲ್ಲ. ಸ್ವಲ್ಪ ಒಡೆದ, ಅಷ್ಟೇನೂ ತಾಲೀಮಿಲ್ಲದ ದನಿ. ಆಮೇಲೆ ಅವನಿಗೆ ಏನಾಗಿಹೋಗಿದೆ ಎಂದು ಪೂರ್ತಿ ಹೊಳೆದಿರಬೇಕು. “ಮೂರು ಸಲ ಓದಿಸಿದ್ರಲ್ಲ ಮೇಡಂ. ಒಂದೇ ಸಲಕ್ಕೆ ಒಪ್ಕೊಂಡಿರ್ತಿದ್ದೆ.”

“ಎರಡನೇದು ಚೆನ್ನಾಗಿತ್ತು,” ಎಂದಳು ಅವಳು.

ಅಷ್ಟು ಸಾಕಾಯಿತು. ಅವನು ಮೊದಲು ಮೂಗಲ್ಲಿ ನಕ್ಕ, ಆಮೇಲೆ ಹೆಗಲಲ್ಲಿ, ಆಮೇಲೆ ಕಾಗದಗಳನ್ನು ಮುಖಕ್ಕೆ ಒತ್ತಿಕೊಂಡು ಸ್ಟೂಲಿನ ಮೇಲೆ ಹಿಂದೆ ಮುಂದೆ ತೂಗುತ್ತ ನಕ್ಕ. ಗಾಜಿನ ಈಚೆ ತಾರೀಕಮ್ಮ ಕಣ್ಣೊರೆಸಿಕೊಳ್ಳುತ್ತ ನಕ್ಕಳು. ಮಹಡಿಯಿಂದ ಏನಾಯಿತೆಂದು ಇಳಿದುಬಂದ ದೊಡ್ಡಪ್ಪ, ಕಾರಣ ತಿಳಿಯದೆಯೇ, ಬಾಗಿಲಲ್ಲಿ ನಿಂತು ಒಂದಿಷ್ಟು ನಕ್ಕರು. ಆದರೆ ಅವರ ಯಾರ ನಗುವೂ ಒಳಗಿದ್ದವನ ನಗುವಿಗೆ ಸಾಟಿಯಾಗಲಿಲ್ಲ. ಅದು ರಜಾಯಿಗಳನ್ನೂ ಗಾಜನ್ನೂ ಮೀರಿ, ದನಿಯ ಮಟ್ಟ ತೋರಿಸುವ ಮೀಟರಿನ ಮುಳ್ಳನ್ನು ಕೆಂಪಿನ ಕೊನೆಗೆ ತಳ್ಳಿ, ಬೀದಿಯವರೆಗೂ ಕೇಳಿಸಿತು.